ಹಾರ್ನ್ ಮೇಲಿನ ಕೈ

ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತಿದ್ದೀರಿ. ತಗಡು ತಣ್ಣಗೆ ಕೊರೆಯುತ್ತಿದೆ, ಎಂಜಿನ್ನಿನ ನಡುಕ ಬೆನ್ನು ಹತ್ತಿ ಹಲ್ಲಿನವರೆಗೂ ಬರುತ್ತಿದೆ. ಡಿಸೆಂಬರಿನ ಬೆಳಕು ಇನ್ನೂ ಹರಿದಿಲ್ಲ. ನರೇಗಲ್ ಹಿಂದೆ ಉಳಿದಿದೆ. ಗಜೇಂದ್ರಗಡದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿಣುಕುತ್ತಿವೆ. ಈ ಬಯಲಿನಲ್ಲಿ ದಿಕ್ಕು ಹೇಳುವುದಕ್ಕೆ ಸದ್ಯ ಅವಷ್ಟೇ. ನರಗುಂದದಿಂದ ರೋಣ ದಾಟಿ ಆ ಗುಡ್ಡ ಏಳುವ ತನಕ ಎರೆಹೊಲ, ಬರೀ ಎರೆಹೊಲ. ಗಿಡವೆಂದರೆ ಬದುವಿಗೊಂದು ಜಾಲಿ, ಹಳ್ಳದ ದಂಡೆಗೊಂದು ಬೇವು.

ಮೊನ್ನೆ ಅಕಾಲಕ್ಕೆ ಮಳೆ ಬಿದ್ದಿದೆ. ಮೇಲಿನ ಹೆಪ್ಪು ಆರಿದಂತೆ ಕಂಡರೂ ಒಳಗೆ ಎರೆ ಉಬ್ಬಿ ಕೂತಿದೆ. ಬೇಸಿಗೆಯಲ್ಲಿ ಮೊಳಕೈವರೆಗೆ ತೋಳು ಇಳಿಯುವಷ್ಟು ಬಿರಿಯುವ ಇದೇ ಮಣ್ಣು ಈಗ ಗಾಲಿಗೆ ಸುತ್ತಿಕೊಳ್ಳುತ್ತಿದೆ. ಹೊಲದ ಯಜಮಾನ ಗೇರ್ ಇಳಿಸುತ್ತಾನೆ. ಹಿಂದಿನ ಗಾಲಿ ಒಮ್ಮೆ ಜಾರುತ್ತದೆ, ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಕೆಸರು ಹಾರಿ ನಿಮ್ಮ ಕೆನ್ನೆಗೆ ಬಡಿಯುತ್ತದೆ. ಆಮೇಲೆ ಗಾಲಿಯಷ್ಟೇ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಉತ್ತರ ಧ್ರುವದ ಕಡಲಲ್ಲಿ ಹಿಮದ ಹಲಗೆಗಳ ನಡುವೆ ಸಿಕ್ಕಿಕೊಂಡ ಹಡಗಿನ ಪಾಡು: ಎಂಜಿನ್ ಚೀರುತ್ತಿದೆ, ನೀವು ನಿಂತಲ್ಲೇ ಇದ್ದೀರಿ.

"ಬಂದ್ ಮಾಡ್ತೀನ್ರಿ. ಜಗ್ಗಿದಷ್ಟು ಒಳಗ ಹೊಕ್ಕೈತಿ."

ಮೌನ ಕಿವಿಗೆ ಗುಂಯ್ ಎನ್ನುತ್ತದೆ. ಆಮೇಲೆ ಒಂದೊಂದೇ ಸದ್ದು: ಬಿಸಿ ಎಂಜಿನ್ ಟಿಕ್ ಟಿಕ್ ಆರುವುದು, ದೂರದಲ್ಲಿ ಕುರಿಹಟ್ಟಿಯ ನಾಯಿ. ಡೀಸೆಲ್ ವಾಸನೆ ಸರಿದ ಮೇಲೆ ಕಡಲೆಯ ಹುಳಿ ಮೂಗಿಗೆ ಬರುತ್ತದೆ. ಬಗ್ಗಿ ಒಂದು ಎಲೆ ಮುಟ್ಟಿ ನೋಡಿ. ನವಿರಾದ ಕೂದಲಿನ ತುದಿತುದಿಗೆ ಹನಿ ನಿಂತಿದೆ. ನಾಲಿಗೆಗಿಟ್ಟರೆ ಹಲ್ಲು ಜುಂ ಎನ್ನುತ್ತದೆ, ಬೆರಳಿನ ಗೀರಿಗೆ ತಾಗಿದರೆ ಉರಿಯುತ್ತದೆ. ರಾತ್ರಿ ಬೆಳೆಯ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ, ಹೊಟ್ಟೆನೋವಿಗೆಂದು ಕೂಡಿಡುವುದು ಈ ಹುಳಿಯನ್ನೇ.

ಬೆಳಕು ಬೂದಿಬಣ್ಣಕ್ಕೆ ತಿರುಗುತ್ತಿದ್ದಂತೆ ಹುಲ್ಲಿನೊಳಗಿಂದ ಹ್ಯಾರಿಯರ್ ಹಕ್ಕಿಯೊಂದು ಏಳುತ್ತದೆ, ಅದರ ಹಿಂದೆ ಇನ್ನೊಂದು. ಕಜಕಸ್ತಾನದ ಬಯಲಲ್ಲಿ ಮರಿ ಮಾಡಿ ಚಳಿಗೆ ಇಲ್ಲಿಗೆ ಇಳಿಯುವ ಗಿಡುಗಗಳಿವು. ಗಿಡ ಬಿಟ್ಟು ನೆಲದ ಮೇಲೇ ರಾತ್ರಿ ಕಳೆಯುತ್ತವೆ. ಅವು ಬೆಳೆಯ ತಲೆ ಸವರಿಕೊಂಡು ಹೋದ ಕಡೆಗೇ ನಿಮ್ಮ ಕಣ್ಣು ಹೋಗುತ್ತದೆ. ಅಲ್ಲಿ ಚಿಗರಿಗಳಿವೆ.

ಏಳೋ ಎಂಟೋ. ಕಂದು ಬಣ್ಣದ, ಕೋಡಿಲ್ಲದ ಹೆಣ್ಣುಗಳು ತಲೆ ತಗ್ಗಿಸಿ ಕಡಲೆ ಮೇಯುತ್ತಿವೆ. ತಿರುಚಿದ ಕೋಡಿನ ಕಪ್ಪು ಗಂಡು ಪಕ್ಕದಲ್ಲಿ ಸೆಟೆದು ನಿಂತಿದೆ. ಯಜಮಾನ ಹಲ್ಲು ಕಡಿಯುವುದು ನಿಮಗೆ ಕೇಳಿಸುತ್ತದೆ. ಅದು ಅವನ ಬೆಳೆ.

"ಸುಮ್ ಕುಂದರ್ರಿ," ಅವನ ದನಿ ಒಮ್ಮೆಲೇ ಇಳಿಯುತ್ತದೆ. "ಬದುವಿನ ಮ್ಯಾಲ ನೋಡ್ರಿ. ತ್ವಾಳ."

ಮೊದಲು ಬರೀ ಬದು. ಆಮೇಲೆ ಬದುವಿನ ಬಣ್ಣದ್ದೇ ಒಂದು ಬೆನ್ನು ಸರಿಯುತ್ತದೆ. ಉದ್ದ ಕಾಲು, ಒಣಕಲು ಮೈ. ಅಡಗುವ ಗೋಜೇ ಇಲ್ಲದೆ, ಸಂತೆಗೆ ಹೊರಟ ಹಾಗೆ ನಡೆಯುತ್ತಿದೆ. ಚಿಗರಿಗಳು ತಲೆಯೆತ್ತಿವೆ, ಓಡಿಲ್ಲ. ಗಟ್ಟಿ ನೆಲದಲ್ಲಿ ಅವು ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟಬಲ್ಲವು. ತೋಳಕ್ಕೆ ಆ ಓಟ ಇಲ್ಲ. ಆದರೆ ಇವತ್ತು ನೆಲ ಗಟ್ಟಿ ಇಲ್ಲ. ಚೂಪು ಗೊರಸು ಎರೆಯಲ್ಲಿ ಇಳಿಯುತ್ತದೆ, ತೋಳದ ಅಗಲ ಪಂಜ ಅಷ್ಟು ಇಳಿಯುವುದಿಲ್ಲ.

ಯಜಮಾನನ ಬೆರಳು ಬಲಕ್ಕೆ, ತೊಗರಿ ಹೊಲದ ಕಡೆ ತೋರಿಸುತ್ತದೆ. ಸಾಲಿನ ಬುಡದಲ್ಲಿ ಎರಡು ಕಿವಿ. ಎರಡನೆಯದು ಅಲ್ಲಿ ಮಲಗಿ ಕಾಯುತ್ತಿದೆ.

ನಿಮ್ಮ ಕೈ ಆಗಲೇ ಹಾರ್ನಿನ ಗುಂಡಿಯ ಮೇಲಿದೆ. ಒತ್ತಿದರೆ ಚಿಗರಿಗಳು ಚದುರಿ ಬದುಕುತ್ತವೆ. ಇದೇ ಚಳಿಯಲ್ಲಿ ತೋಳಗಳು ಮರಿ ಹಾಕುತ್ತವೆ. ಆ ಗುಡ್ಡದ ಯಾವುದೋ ಪೊಟರೆಯಲ್ಲಿ ಹಸಿದ ಮರಿಗಳಿರಲೂಬಹುದು. ಚಿಗರಿಗೂ ತೋಳಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಕಡಲೆಗೆ ಇವನೊಬ್ಬನೇ. ಅವನ ಮುಖ ನೋಡುತ್ತೀರಿ. ಅವನು ಒತ್ತಿ ಅನ್ನುವುದಿಲ್ಲ, ಬೇಡ ಎಂದೂ ಅನ್ನುವುದಿಲ್ಲ. ಒತ್ತಿಬಿಡುವವರನ್ನು ನಾನಂತೂ ಹಳಿಯಲಾರೆ.

ತೋಳ ನುಗ್ಗುತ್ತದೆ.

ಹಿಂಡು ಒಡೆಯುತ್ತದೆ. ಗಂಡು ಎಡಕ್ಕೆ, ಉಳಿದವು ಅದರ ಹಿಂದೆ. ಒಂದು ಹೆಣ್ಣು ಮಾತ್ರ ಬಲಕ್ಕೆ. ನೆಗೆಯುತ್ತದೆ, ಇಳಿಯುತ್ತದೆ, ಮುಂಗಾಲು ಹೂತುಕೊಳ್ಳುತ್ತದೆ. ಎದ್ದಿತು. ಮತ್ತೆ ಹೂತಿತು. ತೊಗರಿ ಸೀಳಿಕೊಂಡು ಎರಡನೆಯ ತೋಳ ಹೊರಗೆ ಬಂತು. ಇಪ್ಪತ್ತು ಮಾರು. ಹತ್ತು. ಅದರ ಏದುಸಿರು ನಿಮಗೆ ಕೇಳಿಸುತ್ತಿದೆ, ಇಲ್ಲಾ ಅದು ನಿಮ್ಮದೇ. ಬೆರಳು ಗುಂಡಿಯ ಮೇಲೆ ಬೆವರುತ್ತಿದೆ. ಒತ್ತುವುದಿಲ್ಲ.

ಹೆಣ್ಣಿನ ಗೊರಸಿಗೆ ಬದು ಸಿಕ್ಕಿತು. ಹುಲ್ಲು ಹಿಡಿದ ಗಟ್ಟಿ ಮಣ್ಣು. ಒಂದು ನೆಗೆತ, ಇನ್ನೊಂದು, ಮೂರನೆಯದಕ್ಕೆ ಅದು ಬದುವಿನ ಆಚೆ.

ತೋಳಗಳು ನಿಲ್ಲುತ್ತವೆ. ಪಕ್ಕೆ ಏರಿಳಿಯುತ್ತಿದೆ, ನಾಲಿಗೆ ಹೊರಗೆ. ಒಂದು ನಿಮ್ಮ ಕಡೆ ತಿರುಗಿ ಟ್ರ್ಯಾಕ್ಟರನ್ನು ದಿಟ್ಟಿಸುತ್ತದೆ. ಈ ಗಾಡಿ ಓಡುವುದಿಲ್ಲವೆಂದು ಅದಕ್ಕೆ ಗೊತ್ತೇ ಎಂಬ ದಡ್ಡ ಯೋಚನೆ ಬಂದು ಹೊಟ್ಟೆ ತಣ್ಣಗಾಗುತ್ತದೆ. ತೋಳ ಮೈ ಕೊಡವಿ ಬದು ಹತ್ತುತ್ತದೆ. ಜೊತೆಯದೂ ಹಿಂದೆಯೇ ಹೋಗುತ್ತದೆ.

ಯಜಮಾನ ಆಗಲೇ ಕೆಳಗಿಳಿದಿದ್ದಾನೆ. ಮೊಳಕಾಲುದ್ದ ಕೆಸರು ತುಳಿಯುತ್ತ, ಕುಡಿ ಕಡಿದ ಕಡಲೆ ಗಿಡಗಳನ್ನು ಎಣಿಸುತ್ತಿದ್ದಾನೆ. ಒಂದು ಸಾಲು ಮುಗಿಸಿ ತಲೆಯೆತ್ತುತ್ತಾನೆ.

"ಈಗ ಹೊಡೀರಿ ಹಾರ್ನ. ಹಳ್ಳದ ಆಚೆ ನಮ್ಮಣ್ಣ ಅದಾನ, ಕೇಳಿದ್ರ ಹಗ್ಗ ತಗೊಂಡ್ ಬರ್ತಾನ."