ಮ್ಯಾಸಿಯ ಆರು ಗೈಡುಗಳು

ಹಳೇ ಟ್ರ್ಯಾಕ್ಟರು ನೀಲಿ ಹೊಗೆ ಬಿಟ್ಟರೆ ಎಲ್ಲರೂ ಪಿಸ್ಟನ್ ರಿಂಗನ್ನೇ ದೂರುತ್ತಾರೆ. ನನ್ನ ಅನುಮಾನ ಮೊದಲು ಹೋಗುವುದು ವಾಲ್ವ್ ಗೈಡಿನ ಕಡೆಗೆ. ರಾತ್ರಿಯಿಡೀ ನಿಂತಿದ್ದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದೊಡನೆ ಬುಸ್ಸೆಂದು ಹೊಗೆಯುಗುಳಿ ಆಮೇಲೆ ತಣ್ಣಗಾದರೆ, ಮೇಲಿನ ಎಣ್ಣೆ ಗೈಡಿನಗುಂಟ ಕೆಳಗಿಳಿದಿರುವುದೇ ಹೆಚ್ಚು.

ಮ್ಯಾಸಿ 1035ರ ಸಿಂಪ್ಸನ್ ಎಂಜಿನ್ನಿಗೆ ಮೂರು ಸಿಲಿಂಡರು, ಆರು ವಾಲ್ವು, ಅವು ಏರಿಳಿಯಲು ಆರು ಗೈಡು. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಒಂದೊಂದು ವಾಲ್ವೂ 750 ಸಲ ತೆರೆದು ಮುಚ್ಚುತ್ತದೆ. ರಾಕರ್ ಅದನ್ನು ನೆಟ್ಟಗಷ್ಟೇ ಒತ್ತುವುದಿಲ್ಲ, ತುಸು ಪಕ್ಕಕ್ಕೂ ನೂಕುತ್ತದೆ. ಅದಕ್ಕೇ ಗೈಡಿನ ನಡುಭಾಗ ಗಟ್ಟಿಯಾಗಿದ್ದರೂ ತುದಿಗಳೆರಡೂ ಗಂಟೆಯ ಬಾಯಂತೆ ಅಗಲವಾಗುತ್ತವೆ. ಏರ್ ಕ್ಲೀನರಿನ ಎಣ್ಣೆ ಬದಲಿಸದೆ ರಾಗಿ ಒಕ್ಕಣೆಯ ದೂಳಿನಲ್ಲಿ ದುಡಿಸಿದರಂತೂ ಸವೆತ ಇನ್ನೂ ಬೇಗ.

ಹೆಡ್ ಇಳಿಸಿ, ಮಸಿ ಕೆರೆದು, ವಾಲ್ವನ್ನು ತುಸು ಎತ್ತಿ ಬೆರಳಲ್ಲಿ ಅಲ್ಲಾಡಿಸಿ ನೋಡುವುದೆಂದರೆ ನನಗೆ ಬಲು ಇಷ್ಟ. ಡಯಲ್ ಗೇಜು ಅಂಕಿ ಕೊಡುತ್ತದೆ. ಯಾವ ದಿಕ್ಕಿಗೆ ಹೆಚ್ಚು ಸವೆದಿದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ.

ಗೈಡಿನೊಳಗೆ ಸುರುಳಿ ಗೀರು ಹಾಕಿ ಲೋಹ ಉಬ್ಬಿಸುವ ನರ್ಲಿಂಗ್ ಕಡಿಮೆ ಖರ್ಚಿನದು. ಒಂದು ಸುಗ್ಗಿ ದಾಟಿಸಲು ಆದೀತು. ಆದರೆ ವಾಲ್ವಿಗೆ ತಾಗುವುದು ಆ ಉಬ್ಬಿದ ಏಣುಗಳು ಮಾತ್ರ, ಅವು ಎಷ್ಟು ದಿನ ತಡೆದಾವು? ನಾನು ಹೊಸ ಗೈಡನ್ನೇ ಹಾಕುತ್ತೇನೆ. ಹಳೆಯದು ಹೆಡ್ಡಿನಿಂದ ಎಷ್ಟು ಮೇಲೆದ್ದಿತ್ತೆಂದು ಬರೆದಿಟ್ಟುಕೊಂಡು, ಲೇತಿನಲ್ಲಿ ಮೆಟ್ಟಿಲಾಗಿ ಕಡೆದ ಸರಳಿಂದ ಹೊರದೂಡಿ, ಹೊಸದನ್ನು ಅದೇ ಎತ್ತರಕ್ಕೆ ಪ್ರೆಸ್ಸಿನಲ್ಲಿ ಕೂರಿಸುವುದು. ಬಿಗಿಗೆ ಒಳಗಿನ ತೂತು ಕೊಂಚ ಕುಗ್ಗುತ್ತದೆ. ಆಗ ತೂತನ್ನು ಅಳತೆಗೆ ತರುವ ರೀಮರ್ ಬೇಕು.

ಈ ಇಡೀ ಕೆಲಸದ ಸುಖವೆಲ್ಲ ರೀಮರ್ ತಿರುಗಿಸುವುದರಲ್ಲಿದೆ. ಒಂದೇ ದಿಕ್ಕಿಗೆ, ನಿಧಾನವಾಗಿ. ಹೊರತೆಗೆಯುವಾಗಲೂ ಹಿಂದಕ್ಕೆ ತಿರುಗಿಸಬಾರದು. ಮೊದಲು ಕರಕರ ಕಚ್ಚುತ್ತದೆ, ಬರಬರುತ್ತ ಸದ್ದು ನುಣುಪಾಗುತ್ತದೆ. ಕಾವು ಹೆಚ್ಚು ತಿನ್ನುವ ಎಕ್ಸಾಸ್ಟ್ ವಾಲ್ವು ಹಿಗ್ಗುವುದರಿಂದ ಅದಕ್ಕೆ ಇನ್ಲೆಟ್ಟಿಗಿಂತ ತುಸು ಹೆಚ್ಚು ಸಂದು. ಹೆಚ್ಚು ಅಂದರೂ ಮಿಲಿಮೀಟರಿನ ನೂರು ಪಾಲಿನಲ್ಲಿ ಕೆಲವೇ ಪಾಲು.

ಗೈಡು ಬದಲಿಸಿ, ವಾಲ್ವು ಕೂರುವ ಸೀಟಿನ ಕಟಿಂಗ್ ಮಾಡದೆ ಹೆಡ್ ಕಟ್ಟುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೊಸ ಗೈಡಿನ ನಡುಗೆರೆಗೆ ಹಳೆಯ ಸೀಟು ಹೊಂದುವುದಿಲ್ಲ. ಕಟ್ಟರಿನ ಕಡ್ಡಿ ಗೈಡಿನೊಳಗೇ ನಿಂತು ಸೀಟನ್ನು ಸರಿಹೊಂದಿಸಬೇಕು. ಆಮೇಲೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಸುತ್ತಲೂ ಮುರಿಯದ ಬೂದು ಬಳೆ ಮೂಡುವತನಕ ವಾಲ್ವು ಉಜ್ಜುವುದು. ಪೇಸ್ಟನ್ನು ಚೊಕ್ಕ ತೊಳೆದು, ಸ್ಪ್ರಿಂಗ್ ಹಾಕಿ, ಪೋರ್ಟಿಗೆ ಸೀಮೆಎಣ್ಣೆ ಸುರಿದು ಕಾಯುತ್ತೇನೆ. ಕೆಳಗೆ ಜಿನುಗಿದರೆ ಆ ವಾಲ್ವು ಮತ್ತೆ ಬಿಚ್ಚಬೇಕು, ಪೇಸ್ಟ್ ಮತ್ತೆ ಹಚ್ಚಬೇಕು.