ಎರಡು ಕಪ್ಪು

ನಾವು ಹಿರೋಳ್ಳಿಯವರು. ಆಳಂದ ತಾಲೂಕಿನ ಅಂಚು. ಚೆಕ್‌ಪೋಸ್ಟ್ ದಾಟಿದರೆ ಮಹಾರಾಷ್ಟ್ರ. ಬುಟ್ಟಿ ಅಂದರೆ ನಮಗೆ ಅವ್ವನ ತಲೆ ಮೇಲಿನದು. ಅದರಾಗ ಹೆಂಡಿ, ಮಣ್ಣು, ತೊಗರಿ ಕಟ್ಟಿಗೆ. ಹತ್ತಡಿ ಎತ್ತರದ, ತಳವೇ ಇಲ್ಲದ ಬುಟ್ಟಿ ಕಂಡದ್ದು ಕಲಬುರಗಿಗೆ ಓದಲು ಹೋದ ಮೇಲೆ.

"ಇದೆಂಥಾ ಬುಟ್ಟಿ, ಹಾಕಿದ್ದು ನಿಲ್ಲಂಗಿಲ್ಲ!" ಅಂತ ನಕ್ಕೆವು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಬಾಸ್ಕೆಟ್‌ಬಾಲ್ ಹುಟ್ಟಿಸಿದರಂತೆ. ಆ ಬುಟ್ಟಿಗಳಿಗೆ ತಳವಿತ್ತು. ಚೆಂಡು ಬಿದ್ದಾಗೊಮ್ಮೆ ಮೇಲೆ ಹತ್ತಿ ತೆಗೆಯಬೇಕಿತ್ತು. ತಳ ಕಿತ್ತ ಮೇಲೆಯೇ ಆಟಕ್ಕೆ ಓಟ ಬಂತು.

ತಂಡದಲ್ಲಿ ಹನ್ನೆರಡು ಮಂದಿ. ಕೇರಿಯಿಂದ ಬಂದ ನಾವು ಮೂವರು. ಕಬಡ್ಡಿಯ ಕಾಲು, ಕೂಲಿಯ ತೋಳು ನಮ್ಮವು. ನಸುಕಿನಾಗ ಎದ್ದು ಅಂಗಳಕ್ಕಿಳಿಯುತ್ತಿದ್ದೆವು. ಹಿಂದಿನ ವರ್ಷ ಮೊದಲ ಪಂದ್ಯದಲ್ಲೇ ಸೋತು ಬಂದಿದ್ದ ಕಾಲೇಜು ಆ ವರ್ಷ ಒಂದರ ಹಿಂದೊಂದು ಗೆದ್ದು ಫೈನಲ್ ಮುಟ್ಟಿತು.

ಸೆಮಿಫೈನಲ್ ಗೆದ್ದ ಸಂಜೆ ಜೊತೆಗಾರನೊಬ್ಬ ಎಲ್ಲರನ್ನೂ ಮನೆಗೆ ಕರೆದ. ಅವರಪ್ಪ ನಮ್ಮ ಊರು ಕೇಳಿದರು. ಓಣಿಯನ್ನೂ ಕೇಳಿದರು. ಆಮೇಲೆ ಚಾ ಬಂತು. ಒಂಬತ್ತು ಮಂದಿಗೆ ಬಿಳಿ ಪಿಂಗಾಣಿ ಕಪ್ಪು. ನಮಗೆ ಮೂವರಿಗೆ ಕಾಗದದ್ದು. ಯಾರೂ ಏನೂ ಅನ್ನಲಿಲ್ಲ. ನಾವೂ ಅನ್ನಲಿಲ್ಲ. ಕುಡಿದೆವು. ಇವತ್ತಿಗೂ ಚುಚ್ಚುವುದು ಅದೇ: ಕುಡಿದೆವು.

ಆ ರಾತ್ರಿ ಹಾಸ್ಟೆಲಿನಲ್ಲಿ ಪಾಲ್ವಣಕರ್ ಬಾಳೂ ನೆನಪಾದರು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ. ಪುಣೆಯಲ್ಲಿ ಹಿಂದೂ ತಂಡಕ್ಕೆ ಬೌಲಿಂಗ್ ಮಾಡಿ ಗೆಲ್ಲಿಸಿದವರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಾ ಹೊತ್ತಿಗೆ ಅವರಿಗೊಬ್ಬರಿಗೇ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ಮುಂಬೈ ಪಂದ್ಯಾವಳಿಯ ಹಿಂದೂ ತಂಡಕ್ಕೆ ಅವರನ್ನು ನಾಯಕನನ್ನಾಗಿ ಮಾಡಲಿಲ್ಲ. ಆ ಪಟ್ಟ ಸಿಕ್ಕಿದ್ದು ತಮ್ಮ ವಿಠ್ಠಲರಿಗೆ, 1923ರಲ್ಲಿ. ಮಣ್ಣು ಹೋಗಿ ಕಾಗದ ಬಂದಿದೆ. ನೂರು ವರ್ಷದ ಪ್ರಗತಿ ಇಷ್ಟೇ ಏನು?

ಫೈನಲ್. ಒಂದು ಅಂಕ ಹಿಂದಿದ್ದೆವು. ಉಳಿದದ್ದು ಕೆಲವೇ ಸೆಕೆಂಡು. ಚೆಂಡು ನಮ್ಮ ಕೈಯಲ್ಲಿ. ಬುಟ್ಟಿಯ ಕೆಳಗೆ ಒಬ್ಬನೇ ನಿಂತು ಕೈ ಚಾಚಿದವನು ಅದೇ ಮನೆಯ ಮಗ. ಕೈ ತಡೆಯಿತು. ಖರೆ ಹೇಳ್ತೀವಿ ಗೆಳೆಯರೇ, ಸೋತರೆ ಸೋಲಲಿ ಅನ್ನಿಸಿತು. ಆದರೆ ತಡೆದು ಹಿಡಿದರೆ ನಾವೂ ಅವರಪ್ಪನೇ ಆಗುತ್ತಿದ್ದೆವು. ಕೊಟ್ಟೆವು. ಹಾಕಿದ. ಗೆದ್ದೆವು. ಓಡಿ ಬಂದು ತಬ್ಬಿಕೊಂಡ. ಬೆವರಿಗೆ ಬೆವರು ಹತ್ತಿತು.

"ಕಪ್ಪು ಗೆದ್ದೀವಿ, ಮನಿಗಿ ಬರ್ರಿ, ಚಾ ಕುಡಿಯೂಣು" ಅಂದ.

"ಯಾವ ಕಪ್ಪಿನಾಗ?" ಅಂದೆವು.

ತಲೆ ತಗ್ಗಿಸಿದ. ಅವನಿಗೆ ಗೊತ್ತಿತ್ತು, ಅಂದೂ ಗೊತ್ತಿತ್ತು. "ನೀನೇ ಹಿರೋಳ್ಳಿಗಿ ಬಾ. ನಮ್ಮವ್ವ ಚಾ ಮಾಡ್ತಾಳ. ನಮ್ಮನ್ಯಾಗ ಎಲ್ಲಾರಿಗೂ ಒಂದೇ ನಮೂನಿ ಕಪ್ಪು" ಅಂದೆವು. ಬರ್ತೀನಿ ಅಂದ.

ಎರಡು ವರ್ಷವಾಯಿತು. ಕಪ್ಪು ಹಿಡಿದ ಹನ್ನೆರಡು ಮಂದಿಯ ಫೋಟೊ ಕಾಲೇಜಿನ ಗೋಡೆ ಮೇಲಿದೆ. ಅವನಿನ್ನೂ ಬಂದಿಲ್ಲ. ಅವ್ವ ಮಾತ್ರ ಕಪ್ಪು ತೊಳೆದಿಟ್ಟಾಳ.