ಕಾಣದ ಚುಕ್ಕೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದುಂಟು. ಅಲ್ಲಿಯ ವಿನೋದವು ಮೀನನ್ನು ಗಾಳಕ್ಕೆ ಸಿಲುಕಿಸಿ ನೀರಿನಿಂದ ಹೊರಗೆಳೆಯುವುದರಲ್ಲಿದೆ. ಮೀನನ್ನು ನೀರಿನಲ್ಲಿಯೇ ಇರಿಸಿ ಅದರ ಸಂಚಾರವನ್ನು ಕಂಡು ನಲಿಯುವ ವಿನೋದವು ಅದಕ್ಕಿಂತ ಸೌಮ್ಯವಾದುದು. ಆದರೆ ಹೊಣೆಯ ದೃಷ್ಟಿಯಿಂದ ಹೆಚ್ಚು ಭಾರವಾದುದು. ಕೆರೆಯ ಮೀನಿಗೆ ಕೆರೆಯೇ ತಾಯಿ. ಗಾಜಿನ ತೊಟ್ಟಿಯ ಮೀನಿಗಾದರೋ ನೀರು, ಗಾಳಿ, ಆಹಾರ, ಔಷಧ ಎಲ್ಲವೂ ಮನುಷ್ಯನ ಕೈಯಿಂದಲೇ ಬರಬೇಕು. ಆ ಕೈ ತಪ್ಪಿದರೆ ಮೊರೆಯಿಡಲು ಅದಕ್ಕೆ ಬಾಯಿಯೂ ಇಲ್ಲ.

ಶ್ರೀಮಠದ ಪ್ರೌಢಶಾಲೆಯ ವಿಜ್ಞಾನ ಕೊಠಡಿಯ ಪಡಸಾಲೆಯಲ್ಲಿ ಇಂತಹ ತೊಟ್ಟಿಯೊಂದಿದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 200 ಲೀಟರು ನೀರು ಹಿಡಿಯುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮಾತೃಶ್ರೀಯವರ ಸ್ಮರಣಾರ್ಥವಾಗಿ ಅದನ್ನು ಹದಿನಾಲ್ಕು ಗೋಲ್ಡ್‌ಫಿಷ್‌ಗಳ ಸಹಿತ ಶಾಲೆಗೆ ಅರ್ಪಿಸಿದರು. ವಿಜ್ಞಾನದ ಅಧ್ಯಾಪಕರು ಅದರ ಮೇಲ್ವಿಚಾರಣೆಯನ್ನು ವಹಿಸಿಕೊಂಡು, ನಿತ್ಯದ ಆರೈಕೆಯನ್ನು ವಿದ್ಯಾರ್ಥಿನಿಲಯದ ಹುಡುಗನೊಬ್ಬನಿಗೆ ಒಪ್ಪಿಸಿದರು. ಮನೆಯಿಂದ ದೂರವಿದ್ದ ಆ ಬಾಲಕನಿಗೆ ಮೀನುಗಳು ಒಡಹುಟ್ಟಿದವರಂತಾದವು. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಅವನ ಪಾದಗಳು ತಾವಾಗಿಯೇ ಪಡಸಾಲೆಯತ್ತ ತಿರುಗುತ್ತಿದ್ದವು.

ಅನರ್ಥಕ್ಕೆ ಕಾರಣವಾದುದು ಈ ಪ್ರೀತಿಯೇ. ಪುಷ್ಯ ಮಾಸದ ಚಳಿಯಲ್ಲಿ ಜಾತ್ರೆಗೆ ಹೋದ ಹುಡುಗನು, ತಂದೆ ಕೊಟ್ಟಿದ್ದ ಕೈಖರ್ಚಿನ ಹಣದಲ್ಲಿ ಮಿಠಾಯಿ ತಿನ್ನದೆ ಮೂರು ಹೊಸ ಮೀನುಗಳನ್ನು ಕೊಂಡು ತಂದನು. ಪ್ಲಾಸ್ಟಿಕ್ ಚೀಲದ ನೀರಿನೊಡನೆ ಅವನ್ನು ತೊಟ್ಟಿಗೆ ಸುರಿದನು. ಒಂದು ವಾರ ಕಳೆಯುವಷ್ಟರಲ್ಲಿ ಮೀನೊಂದರ ಬಾಲದ ಮೇಲೆ ಉಪ್ಪಿನ ಹರಳಿನಂತಹ ಎರಡು ಬಿಳಿಯ ಚುಕ್ಕೆಗಳು ಕಾಣಿಸಿಕೊಂಡವು. ಮರುದಿನ ಅವು ಇಪ್ಪತ್ತಾದವು. ಮೀನುಗಳು ತಳದ ಕಲ್ಲುಗಳಿಗೆ ಮೈಯುಜ್ಜತೊಡಗಿದವು.

ಗೋಲ್ಡ್‌ಫಿಷ್‌ನ ಗಂಡಿಗೆ ಸಂತಾನಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆಯೂ ಎದೆಯ ಈಜುರೆಕ್ಕೆಯ ಮುಂಗೋಲಿನ ಮೇಲೆಯೂ ಬಿಳಿಯ ಗುಳ್ಳೆಗಳೇಳುವುದುಂಟು, ಅದು ರೋಗವಲ್ಲ. ಇಲ್ಲಿಯಾದರೋ ಚುಕ್ಕೆಗಳು ಮೈಯೆಲ್ಲ ಹರಡಿದ್ದವು. ಇದು ಬಿಳಿಚುಕ್ಕೆ ರೋಗವೆಂದು ಅಧ್ಯಾಪಕರು ನಿರ್ಣಯಿಸಿ, ಪೇಟೆಯಿಂದ ನೀಲಿಯ ಔಷಧವನ್ನು ತರಿಸಿ ಮೂರು ದಿನ ಹಾಕಿದರು. ಐದನೆಯ ದಿನ ಚುಕ್ಕೆಯೊಂದೂ ಕಾಣಲಿಲ್ಲ. ಸಂತೋಷಗೊಂಡ ಅಧ್ಯಾಪಕರು ಬೆಳಗಿನ ಪ್ರಾರ್ಥನಾ ಸಭೆಯಲ್ಲಿಯೇ ಮೀನುಗಳು ಗುಣವಾದ ವಾರ್ತೆಯನ್ನು ಸಾರಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಔಷಧದ ಸೀಸೆಯು ಕಪಾಟು ಸೇರಿತು.

ಒಂಬತ್ತನೆಯ ದಿನ ರೋಗವು ಇಮ್ಮಡಿಯಲ್ಲ, ನೂರ್ಮಡಿಯಾಗಿ ಮರಳಿತು. ಮೈಯೆಲ್ಲ ರವೆ ಚೆಲ್ಲಿದಂತಾದ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆತೆರೆದು ಏದುಸಿರು ಬಿಟ್ಟವು. ಚುಕ್ಕೆಯೇ ಇಲ್ಲದ ಒಂದೆರಡು ಮೀನುಗಳು ಎಲ್ಲಕ್ಕಿಂತ ಮೊದಲು ಸತ್ತವು. ಐದು ದಿನಗಳಲ್ಲಿ ಎಂಟು ಮೀನುಗಳು ಹೋದವು. “ನಾನೇ ಕೊಂದೆ ಗುರುಗಳೇ” ಎಂದು ಹುಡುಗನು ಅತ್ತನು. ಅಧ್ಯಾಪಕರು ಅವನನ್ನು ಗದರಲಿಲ್ಲ. “ನೀನು ತಿಳಿಯದೆ ತಂದೆ ಮಗು, ನಾನು ತಿಳಿದವನೆಂದುಕೊಂಡು ನಿಲ್ಲಿಸಿದೆ” ಎಂದಷ್ಟೇ ನುಡಿದು, ಸತ್ತ ಮೀನಿನ ಕಿವಿರಿನ ಚೂರನ್ನು ಗಾಜಿನ ಪಟ್ಟಿಯ ಮೇಲಿರಿಸಿ ಸೂಕ್ಷ್ಮದರ್ಶಕದ ಮುಂದೆ ಅವನನ್ನು ಕೂರಿಸಿದರು. ದುಂಡನೆಯ ಜೀವಿಯೊಂದು ಮೆಲ್ಲನೆ ಉರುಳುತ್ತಿತ್ತು. ಅದರೊಳಗೆ ಕುದುರೆಯ ಲಾಳದ ಆಕಾರದ ಕೋಶಕೇಂದ್ರವು ಸ್ಪಷ್ಟವಾಗಿ ತೋರಿತು. ಚುಕ್ಕೆಯಿಲ್ಲದ ಮೀನು ಸತ್ತುದೇಕೆಂಬುದು ಆಗ ತಿಳಿಯಿತು. ರೋಗವು ಮೈಯ ಮೇಲೆ ತೋರದೆ ಕಿವಿರಿನಲ್ಲಿ ಕುಳಿತು ಉಸಿರನ್ನೇ ಕಟ್ಟಿತ್ತು.

ಈ ಏಕಕೋಶ ಜೀವಿಯನ್ನು 1876ರಲ್ಲಿ ಫ್ರಾನ್ಸಿನ ಫೂಕೆ ಎಂಬ ವಿಜ್ಞಾನಿಯು ವರ್ಣಿಸಿ ‘ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್’ ಎಂದು ಹೆಸರಿಟ್ಟನು. ಉಚ್ಚಾರಣೆಗೆ ಕ್ಲಿಷ್ಟವೆನಿಸಿದರೂ ಅರ್ಥವು ಸರಳವೇ. ಮೊದಲ ಪದವು ಗ್ರೀಕಿನಿಂದ ಬಂದುದು, ‘ಮೀನಿನ ಹೇನು’ ಎಂದರ್ಥ. ಎರಡನೆಯದು ಲ್ಯಾಟಿನ್ನಿನದು, ‘ಬಹುಸಂತಾನವುಳ್ಳದ್ದು’ ಎಂದರ್ಥ. ರೋಗದ ಹಟಮಾರಿತನದ ಗುಟ್ಟೆಲ್ಲವೂ ಈ ಎರಡನೆಯ ಪದದಲ್ಲಿಯೇ ಅಡಗಿದೆ.

ಅದರ ಬಾಳಿಗೆ ಮೂರು ಅವಸ್ಥೆಗಳು. ಮೊದಲನೆಯದರಲ್ಲಿ ಅದು ಮೀನಿನ ಹೊರಚರ್ಮದ ಅಡಿಯಲ್ಲಿ ಸೇರಿಕೊಂಡು ಮೀನಿನ ಮೈಯನ್ನೇ ತಿಂದು ಬೆಳೆಯುತ್ತದೆ. ಕಣ್ಣಿಗೆ ಕಾಣುವ ಚುಕ್ಕೆಯೇ ಇದು. ಮೀನಿನ ಚರ್ಮವೇ ಆಗ ಅದಕ್ಕೆ ಕವಚ. ನೀರಿನೊಳಗಿನ ಔಷಧವು ಅದನ್ನು ಮುಟ್ಟಲಾರದು. ಎರಡನೆಯದರಲ್ಲಿ ಬಲಿತ ಜೀವಿಯು ಮೀನನ್ನು ಬಿಟ್ಟು ತಳಕ್ಕಿಳಿದು, ಕಲ್ಲಿಗೋ ಗಿಡಕ್ಕೋ ಅಂಟಿಕೊಂಡು, ತನ್ನ ಸುತ್ತ ಕೋಶವೊಂದನ್ನು ಕಟ್ಟಿಕೊಂಡು ಒಡೆಯುತ್ತ ಹೋಗುತ್ತದೆ: ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು, ಕೆಲವೊಮ್ಮೆ ಸಾವಿರದವರೆಗೆ. ಇಲ್ಲಿಯೂ ಔಷಧವು ನಿಷ್ಫಲ. ಮೂರನೆಯದರಲ್ಲಿ ಕೋಶವೊಡೆದು ಮರಿಗಳು ನೀರಿನಲ್ಲಿ ಈಜುತ್ತ ಹೊಸ ಮೀನನ್ನು ಅರಸುತ್ತವೆ. ಒಂದೆರಡು ದಿನಗಳಲ್ಲಿ ಮೀನು ದೊರೆಯದಿದ್ದರೆ ಅವು ಸಾಯುತ್ತವೆ. ಉಪ್ಪಾಗಲಿ ಔಷಧವಾಗಲಿ ಅವನ್ನು ಕೊಲ್ಲಬಲ್ಲುದು ಈ ಅಲ್ಪಾವಧಿಯಲ್ಲಿ ಮಾತ್ರ.

ಅಂದರೆ ಕಾಣುವ ಚುಕ್ಕೆಯನ್ನು ಕೊಲ್ಲಲಾಗದು. ಕೊಲ್ಲಬಹುದಾದುದು ಕಣ್ಣಿಗೆ ಕಾಣದು. ಐದನೆಯ ದಿನ ಚುಕ್ಕೆಗಳು ಮಾಯವಾದುದು ಔಷಧದ ಪ್ರಭಾವದಿಂದಲ್ಲ. ರೋಗವು ಬಲಿತು, ತಾನಾಗಿಯೇ ಮೀನಿನಿಂದಿಳಿದು, ಸಾವಿರವಾಗಿ ಮರಳುವುದಕ್ಕೆ ಸಿದ್ಧವಾಗುತ್ತಿತ್ತು. ಚಪ್ಪಾಳೆ ತಟ್ಟಿದ ಮುಹೂರ್ತವೇ ಔಷಧವು ನೀರಿನಲ್ಲಿ ಇರಲೇಬೇಕಾಗಿದ್ದ ಮುಹೂರ್ತವಾಗಿತ್ತು!

ಎರಡನೆಯ ಚಿಕಿತ್ಸೆಯು ಈ ತಿಳಿವಿನಿಂದ ಆರಂಭವಾಯಿತು. 25 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಈ ಜೀವಿಯ ಬಾಳಿನ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿಯ ಚಳಿಯಲ್ಲಿ ತಿಂಗಳಿಗೂ ಮಿಕ್ಕಿ ಎಳೆಯುತ್ತದೆ. ಆದುದರಿಂದ ಅಧ್ಯಾಪಕರು ಹೀಟರನ್ನಿಟ್ಟು, 19 ಡಿಗ್ರಿಯಿದ್ದ ನೀರನ್ನು ಎರಡು ದಿನಗಳಲ್ಲಿ ಮೆಲ್ಲಮೆಲ್ಲನೆ 28 ಡಿಗ್ರಿಗೆ ಏರಿಸಿದರು. ಬಿಸಿಯೇರಿದಷ್ಟೂ ನೀರಿನಲ್ಲಿ ಕರಗುವ ಆಮ್ಲಜನಕವು ಕಡಮೆಯಾಗುವುದರಿಂದ ಗಾಳಿಯೂದುವ ಯಂತ್ರವನ್ನು ಹಗಲಿರುಳೂ ನಡೆಸಿದರು. ದಾಸೋಹದ ಉಗ್ರಾಣದಿಂದ, ಲೀಟರಿಗೆ 2 ಗ್ರಾಮಿನಂತೆ, 400 ಗ್ರಾಂ ಕಲ್ಲುಪ್ಪು ಬಂದಿತು. “ನೀರಿನೊಳಗಿನ ಮೀನಿಗೆ ಉಪ್ಪೇಕಪ್ಪಾ?” ಎಂದು ಉಗ್ರಾಣದ ಅಜ್ಜನು ನಕ್ಕರೂ ತಕ್ಕಡಿಯಲ್ಲಿ ತೂಗಿ ಕೊಟ್ಟನು. ಅದನ್ನು ಮೂರು ಪಾಲು ಮಾಡಿ, ನೀರಿನಲ್ಲಿ ಕರಗಿಸಿ, ಒಂದು ದಿನದ ಅವಧಿಯಲ್ಲಿ ಸೇರಿಸಿದರು.

ತಳದಲ್ಲಿ ಕೋಶಗಳಿರುವುದರಿಂದ ಹುಡುಗನು ನಿತ್ಯವೂ ರಬ್ಬರಿನ ನಳಿಕೆಯಿಂದ ಕಲ್ಲುಗಳ ಸಂದಿನ ಕಸವನ್ನು ಹೀರಿ ತೆಗೆದು, ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸುತ್ತಿದ್ದನು. ಹೊಸ ನೀರು ನಲ್ಲಿಯಿಂದ ನೇರವಾಗಿ ಬಂದುದಲ್ಲ. ಕ್ಲೋರಿನ್ ಹೋಗಲೆಂದು ರಾತ್ರಿಯೆಲ್ಲ ತೆರೆದಿಟ್ಟು, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿದುದು. ತೆಗೆದ 50 ಲೀಟರಿನೊಡನೆ ಹೋದ 100 ಗ್ರಾಂ ಉಪ್ಪನ್ನು ಮರಳಿ ಸೇರಿಸಬೇಕು. ಲೆಕ್ಕದ ತರಗತಿಯಲ್ಲಿ ತಡವರಿಸುತ್ತಿದ್ದ ಹುಡುಗನು ಇಲ್ಲಿ ಒಂದು ದಿನವೂ ತಪ್ಪಲಿಲ್ಲ. ಮಲಾಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಕೂಡಿದ ಔಷಧವನ್ನು ದಿನ ಬಿಟ್ಟು ದಿನ, ಸೀಸೆಯ ಮೇಲಿನ ಪ್ರಮಾಣದಂತೆ, ಅಧ್ಯಾಪಕರು ತಾವೇ ಹಾಕುತ್ತಿದ್ದರು. ಅದು ವಿಷಪದಾರ್ಥ, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಔಷಧವನ್ನು ಹೀರಿಬಿಡುವ ಇದ್ದಿಲನ್ನು ಶೋಧಕದಿಂದ ಮೊದಲೇ ತೆಗೆದಿರಿಸಿದ್ದರು.

ಮೊದಲ ಮೂರು ದಿನಗಳಲ್ಲಿ ಇನ್ನೂ ಮೂರು ಮೀನುಗಳು ಸತ್ತವು. ಆರನೆಯ ದಿನ ಚುಕ್ಕೆಗಳು ಮಾಯವಾದವು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. “ಇನ್ನು ಮೇಲೆ ನಿಜವಾದ ಕೆಲಸ” ಎಂದರು ಅಧ್ಯಾಪಕರು. ಏನೂ ಕಾಣದ ತೊಟ್ಟಿಗೆ ಮತ್ತೆ ಹತ್ತು ದಿನ ಅದೇ ಬಿಸಿ, ಅದೇ ಉಪ್ಪು, ಅದೇ ಔಷಧ, ಅದೇ ನಳಿಕೆ. ರೋಗವು ಕಾಣುತ್ತಿರುವಾಗ ದುಡಿಯುವುದು ಸುಲಭ, ಭಯವೇ ದುಡಿಸುತ್ತದೆ. ಕಾಣದಿರುವಾಗ ದುಡಿಸಬಲ್ಲುದು ಅರಿವೊಂದೇ. ಅರಿವಿನೊಡನೆ ಆಚಾರವೂ ಕೂಡಿರಬೇಕೆಂದು ಶರಣರು ಹೇಳಿದುದರ ಅರ್ಥವನ್ನು ಆ ಹುಡುಗನು ಪಾಠದಿಂದಲ್ಲ, ಚಳಿಯ ಬೆಳಗಿನಲ್ಲಿ ಹೊತ್ತ ಬಕೆಟ್ಟುಗಳಿಂದ ಕಲಿತನು.

ಇಷ್ಟರಲ್ಲಿ ಪೂಜ್ಯ ಹಿರಿಯ ಗುರುಗಳ ಪುಣ್ಯಸ್ಮರಣೆಯ ದಿನವು ಸಮೀಪಿಸಿತು. ತೊಟ್ಟಿಯನ್ನಿತ್ತ ದಾನಿಗಳು ಬರುವವರಿದ್ದರು. ಮುಖ್ಯೋಪಾಧ್ಯಾಯರಿಗೆ ಚಿಂತೆಯಾದುದು ಸಹಜ. “ಮೇಷ್ಟ್ರೇ, ಆರು ಮೀನು ತೋರಿಸುವುದು ಹೇಗೆ? ಹತ್ತು ತರಿಸಿಬಿಡಿ” ಎಂದರು. “ಸರ್, ಈಗ ಹತ್ತು ಮೀನು ತಂದರೆ ರೋಗಕ್ಕೆ ಹತ್ತು ಎಲೆ ಹಾಕಿ ಬಡಿಸಿದಂತೆ. ಗಡುವು ತುಂಬಲಿ” ಎಂದು ಅಧ್ಯಾಪಕರು ವಿನಯದಿಂದಲೇ, ಆದರೆ ಬಿಗಿಯಾಗಿ ಬಿನ್ನವಿಸಿದರು. ಮುಖ್ಯೋಪಾಧ್ಯಾಯರು ಒಪ್ಪಿದುದು ಅವರ ದೊಡ್ಡತನ.

ದಾನಿಗಳು ಬಂದು ತೊಟ್ಟಿಯ ಮುಂದೆ ನಿಂತಾಗ ಹುಡುಗನೇ ಎಲ್ಲವನ್ನೂ ಅರಿಕೆ ಮಾಡಿದನು. ತಾನು ಚೀಲ ಸುರಿದುದನ್ನೂ ಮುಚ್ಚಿಡಲಿಲ್ಲ. ಅವರು ಮಾತನಾಡದೆ ಅವನ ದಿನಚರಿಯ ಪುಸ್ತಕವನ್ನು ತೆರೆದು ಪುಟಪುಟವಾಗಿ ನೋಡಿದರು: ದಿನಾಂಕ, ನೀರಿನ ಬಿಸಿ, ಉಪ್ಪಿನ ತೂಕ, ಸತ್ತ ಮೀನಿನ ಎಣಿಕೆ. ಕೊನೆಯ ಹತ್ತು ಪುಟಗಳಲ್ಲಿ ‘ಚುಕ್ಕೆ ಇಲ್ಲ, ಔಷಧ ಹಾಕಿದೆ’ ಅಥವಾ ‘ಚುಕ್ಕೆ ಇಲ್ಲ, ನೀರು ಬದಲಿಸಿದೆ’ ಎಂಬ ಒಂದೊಂದೇ ಸಾಲು. “ನಮ್ಮ ಅವ್ವನ ಹೆಸರಿನ ತೊಟ್ಟಿಯಲ್ಲಿ ಈ ಆರೇ ಸಾಕು” ಎಂದು ಹೇಳಿ ಪುಸ್ತಕವನ್ನು ಅವನ ಕೈಗೆ ಮರಳಿಸಿದರು.

ಶಾಲೆಗೆ ಬರುವ ಮಕ್ಕಳ ತಪ್ಪುಗಳೂ ಹೀಗೆಯೇ. ಗದರಿಕೆಯ ಮರುದಿನ ಅವು ಕಾಣುವುದಿಲ್ಲ. ಗುಣವಾಯಿತೆಂದು ನಂಬಿ ಕೈಬಿಟ್ಟ ಅಧ್ಯಾಪಕನಿಗೆ ಅವು ತಿಂಗಳ ತರುವಾಯ ಬಹುಸಂತಾನ ಸಮೇತವಾಗಿ ಎದುರಾಗುತ್ತವೆ.

ಆ ತೊಟ್ಟಿಯ ಪಕ್ಕದಲ್ಲಿ ಈಗ ಚಿಕ್ಕದೊಂದು ತೊಟ್ಟಿಯಿದೆ; ಅದಕ್ಕೆ ಬೇರೆಯದೇ ಬಲೆ, ಬೇರೆಯದೇ ನಳಿಕೆ. ಹೊಸ ಮೀನು ಯಾವುದೇ ಬರಲಿ, ನಾಲ್ಕು ವಾರ ಅಲ್ಲಿಯೇ ಇರತಕ್ಕದ್ದು. ದೊಡ್ಡ ತೊಟ್ಟಿಯಲ್ಲಿ ಆರು ಮೀನುಗಳು ನೆಮ್ಮದಿಯಾಗಿ ಈಜುತ್ತಿವೆ. ಈ ರೋಗದಿಂದ ಬದುಕಿಕೊಂಡ ಮೀನಿಗೆ ಅದನ್ನು ತಡೆಯುವ ಶಕ್ತಿಯು ಬಹುಮಟ್ಟಿಗೆ ಬರುತ್ತದೆಂದು ತಜ್ಞರು ಹೇಳುತ್ತಾರೆ. ಆ ಆರರಲ್ಲಿ ಒಂದು, ಹುಡುಗನು ಜಾತ್ರೆಯಿಂದ ತಂದುದು.